ಹೊಸ ಆಟದಲ್ಲಿ ಸಂಜೆಯಾದಾಗ

ಜವಳಗೇರಾದ ಯಮನೂರ ಟಂಟಂ ಆಟೋ ಹೊಡೆಯಲು ಹತ್ತಿ ಹದಿನಾರು ವರ್ಷವಾಗಿತ್ತು. ನೆಲ್ಲು ಹಚ್ಚುವ ದಿನಗಳಲ್ಲಿ ಹದಿನಾಲ್ಕು ಹೆಣ್ಣಾಳುಗಳನ್ನು ತುಂಬಿಕೊಂಡು ಸಾಲಗುಂದದ ಕಡೆಯ ಗದ್ದೆಗಳಿಗೆ ಒಯ್ಯುತ್ತಿದ್ದ. ಹತ್ತಿ ಬಿಡಿಸುವಾಗ ಮಸ್ಕಿ ದಾಟಿ ಲಿಂಗಸುಗೂರಿನವರೆಗೂ ಹೋಗುತ್ತಿದ್ದ. ಒಂದು ನಾಯಿಮರಿಗೂ ಗಾಡಿ ತಾಗಿಸಿದವನಲ್ಲ.

"ಯಮನೂರನ ಗಾಡ್ಯಾಗ ಕುಂತ್ರ ತೊಟ್ಟಿಲದಾಗ ಕುಂತಂಗ ನೋಡು" ಎಂದು ಆಳುಗಳಲ್ಲಿ ಹಿರಿಯಳಾದ ಶಿವಲಿಂಗಮ್ಮ ಹೇಳುತ್ತಿದ್ದಳು.

ಅವನ ಹೆಂಡತಿ ಗದ್ದೆಮ್ಮನೂ ಅದೇ ಗಾಡಿಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಹೋದ ವರ್ಷದಿಂದ ಅವನು ಅವಳನ್ನು ಹಿಂದೆ ಕೂರಲು ಬಿಟ್ಟಿರಲಿಲ್ಲ. "ಮುಂದ ಬಾ, ಮಾತಾಡ್ಕೊಂತ ಹೋಗೂನು" ಅನ್ನುತ್ತಿದ್ದ. ಹೆಣ್ಣಾಳುಗಳು ಕಿಸಕ್ಕನೆ ನಗುತ್ತಿದ್ದರು. "ವಯಸ್ಸಾದಂಗ ಪ್ರೀತಿ ಉಕ್ಕಾಕತ್ತೈತಿ!" ಗದ್ದೆಮ್ಮನಿಗೂ ಒಳಗೊಳಗೆ ಹಿಗ್ಗು.

ಯಮನೂರನಿಗೆ ಇದ್ದ ಶೋಕಿ ಒಂದೇ. ಸಂತೆಗೆಂದು ಸಿಂಧನೂರಿಗೆ ಬಂದ ದಿನ ಗೌಸ್‌ಸಾಬನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ದೊಡ್ಡ ಟೀವಿಯ ಮುಂದೆ ಕೂತು 'ಘಾಟಿ ಲಾರಿ' ಎಂಬ ವಿಡಿಯೋ ಆಟ ಆಡುವುದು. ಗದ್ದೆಮ್ಮ ಬಾಗಿಲ ಹತ್ತಿರ ಚೀಲ ಹಿಡಿದು ಕೂತು ಕೇಳುತ್ತಿದ್ದಳು. ಎಡ ತಿರುವು ಬರುವ ಮುಂಚೆ ಆಟ ಒಂದು ಸಲ ಟಿಣ್ ಅನ್ನುತ್ತಿತ್ತು, ಬಲಕ್ಕಾದರೆ ಎರಡು ಸಲ. ರಸ್ತೆ ಯಾವತ್ತೂ ಅದೇ ರಸ್ತೆ, ಹೊತ್ತು ಯಾವತ್ತೂ ನಡು ಮಧ್ಯಾಹ್ನ. ಯಮನೂರ ಕಣ್ಣು ಮುಚ್ಚಿಕೊಂಡೂ ಘಾಟಿ ಇಳಿಸಿ ಚಪ್ಪಾಳೆ ಗಿಟ್ಟಿಸಿದ್ದ. ಆರು ವರ್ಷದಲ್ಲಿ ಅವನನ್ನು ಸೋಲಿಸಿದವರಿಲ್ಲ.

ಈ ಸಲದ ಸಂತೆಗೆ ಬಂದಾಗ ಗೌಸ್‌ಸಾಬ ಆ ಆಟದ ಎರಡನೇ ಭಾಗ ತಂದಿದ್ದ. "ಹಳೇದು ಬೊಂಬಿ ಆಟ, ಯಮನೂರ. ಇದು ಖರೇ ಖರೇ. ಮಳಿ ಬರ್ತೈತಿ, ಗಿಡದ ನೆಳ್ಳು ಅಳ್ಳಾಡ್ತೈತಿ. ಒಮ್ಮಿ ಬಂದಂಗ ಇನ್ನೊಮ್ಮಿ ಬರಂಗಿಲ್ಲ."

ಯಮನೂರ ಗತ್ತಿನಿಂದ ಕೂತ. ಸ್ವಲ್ಪ ಹೊತ್ತು ಲಾರಿ ಚೆನ್ನಾಗಿಯೇ ಓಡಿತು. ಆಮೇಲೆ ಆಟದೊಳಗೆ ಹೊತ್ತು ಮುಳುಗಿತು. ಲಾರಿ ನೆಟ್ಟಗೆ ಕೊಳ್ಳಕ್ಕೆ ಹೋಯಿತು. ಮತ್ತೆ ಆಡಿದ, ಮತ್ತೆ ಸಂಜೆಯಾಯಿತು, ಮತ್ತೆ ಕೊಳ್ಳ. ಟಿಣ್ ಅನ್ನುವ ಗಂಟೆ ಇದರಲ್ಲಿರಲಿಲ್ಲ.

"ತಿರುವಿನ್ಯಾಗಿನ ಕಲ್ಲು ಬೆಳ್ಳಗ ಕಾಣಾಕತ್ತೈತಲ್ಲೋ ಮಾರಾಯ!" ಎಂದ ತರಕಾರಿ ಮಾರುವ ಹುಸೇನ್‌ಸಾಬ.

"ಎಲ್ಲೈತಿ?" ಎಂದ ಯಮನೂರ.

ಹುಸೇನ್‌ಸಾಬ ತಾನೇ ಆಡಿ, ಆ ಕಲ್ಲು ದಾಟಿಸಿ, ಹಲ್ಲು ಕಿರಿದ. ಜೀವಮಾನದಲ್ಲಿ ಒಂದು ಆಟವೂ ಗೆದ್ದವನಲ್ಲ ಅವನು.

"ಬಣ್ಣ ಬಡದ್ರ ಆಟ ಚಲೋ ಆಗ್ತೈತೇನು? ಹಳೇದರ ಮುಂದ ಇದು ಏನೂ ಅಲ್ಲ" ಎಂದು ಯಮನೂರ ಎದ್ದುಬಿಟ್ಟ.

"ಆಟ ಕೆಟ್ಟಿಲ್ಲಪಾ" ಎಂದ ಗೌಸ್‌ಸಾಬ, ನಗುತ್ತಲೇ.

ಗದ್ದೆಮ್ಮ ನಗಲಿಲ್ಲ. 'ಎಲ್ಲೈತಿ?' ಎಂಬ ಆ ಮಾತಿನ ಧ್ವನಿ ಅವಳಿಗೆ ಗುರುತಿನದು. ದೀಪ ಹಚ್ಚುವ ಹೊತ್ತಿಗೆ ಚಪ್ಪಲಿ ಹುಡುಕುತ್ತ, ಎದುರಿಗೇ ಇದ್ದ ನೀರಿನ ತಂಬಿಗೆ ತಡಕುತ್ತ ಅವನು ಹೀಗೇ ಕೇಳುತ್ತಿದ್ದ. ಗಾಡಿಯಲ್ಲಿ ಮುಂದೆ ಕೂರಿಸಿಕೊಂಡು, "ಅಲ್ಲಿ ಬರೋದು ಎಮ್ಮಿಯೋ ನಿಮ್ಮ ತವರವರೋ?" ಎಂದು ಚೇಷ್ಟೆ ಮಾಡುತ್ತಿದ್ದ. ಅವಳು ಬೈಯುತ್ತಲೇ ಎಮ್ಮೆ ಅಂದರೆ ಎಮ್ಮೆ, ಸೈಕಲ್ ಅಂದರೆ ಸೈಕಲ್ ಎಂದು ಹೇಳುತ್ತಿದ್ದಳು. ಅದು ಪ್ರೀತಿಯಲ್ಲ ಎಂದು ಅವಳಿಗೆ ಹೊಳೆದದ್ದು ಆ ಬಾಗಿಲ ಹತ್ತಿರ.

ಮನೆಗೆ ಬಂದು ಕೇಳಿದಳು. "ನಿಮ್ಮಪ್ಪಗ ಬಂದದ್ದ ನಿನಗೂ ಬಂದೈತೇನು?"

ತುರ್ವಿಹಾಳದಲ್ಲಿದ್ದ ಅವನ ಅಪ್ಪನಿಗೆ ಮೊದಲು ಇರುಳುಗಣ್ಣು ಬಂದಿತ್ತು. ಆಮೇಲೆ ಹಗಲೂ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದು, ನಲವತ್ತೈದಕ್ಕೆ ಕೋಲು ಹಿಡಿದಿದ್ದ. ಇದಕ್ಕೆ ಔಷಧಿ ಇಲ್ಲ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಯಮನೂರನಿಗೆ ಈಗ ನಲವತ್ಮೂರು.

"ದಾರಿ ನನ್ನ ಮೈಯಾಗೈತಿ" ಎಂದ ಅವನು. "ಕಾಲುವಿ ಏರಿ ಮ್ಯಾಲ ಮೂರು ತೆಗ್ಗು ಇಳದು ಹತ್ತಿದ ಮ್ಯಾಲ ಎಡಕ್ಕ. ಕಣ್ಣು ಯಾಕ ಬೇಕು? ನೀ ಬಾಯಿ ಮುಚ್ಕೊಂಡಿರು. ಅನ್ನಕ್ಕ ಕಲ್ಲು ಹಾಕಬ್ಯಾಡ."

ಅವಳು ಬಾಯಿ ಮುಚ್ಚಿಕೊಂಡಳು. ಅದೇ ಅವಳು ಮಾಡಿದ ತಪ್ಪು.

ಆ ವಾರವೇ ಏರಿಯ ರಸ್ತೆಗೆ ಹೊಸ ಡಾಂಬರು ಬಿತ್ತು. ಬೆಳಿಗ್ಗೆ ಹೋಗುವಾಗ ಹೆಣ್ಣಾಳುಗಳಿಗೆ ಹಬ್ಬ. "ಎದಿಯಾಗಿನ ಹಾಲು ತುಳುಕಂಗಿಲ್ಲವಾ!" ಎಂದು ಕೂಸಿನ ತಾಯಿ ನಂದಿನಿ ಕೂಗಿದಳು. ಯಮನೂರ ಮಾತ್ರ ಮುಚ್ಚಿಹೋದ ತೆಗ್ಗುಗಳ ಜಾಗ ಹುಡುಕುತ್ತ ಗಾಡಿ ನಿಧಾನಿಸುತ್ತಿದ್ದ.

ಸಂಜೆ ತಿರುಗಿ ಬರುವಾಗ ಹಿಂದೆ ಹಾಡು ನಡೆದಿತ್ತು. ಹೆಡ್‌ಲೈಟಿನ ಬೆಳಕು ಅವನ ಪಾಲಿಗೆ ಅಂಗೈಯಗಲ. ಗಾಡಿ ಕುಲುಕದೆ, ಸದ್ದಿಲ್ಲದೆ, ಎಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಎಣಿಸಲು ಒಂದು ತೆಗ್ಗೂ ಇರಲಿಲ್ಲ. ಗದ್ದೆಮ್ಮ ದಾರಿ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಎಲೆ ಅಡಿಕೆ ಕೇಳಿದರು. ತಿರುಗಿ ಸಂಚಿ ಕೊಟ್ಟಳು. ಅಷ್ಟೇ ಹೊತ್ತು.

ಬಲಗಡೆ ಕೇಳಬೇಕಾಗಿದ್ದ ಕಾಲುವೆ ನೀರಿನ ಸಪ್ಪಳ ಎದುರಿನಿಂದ ಕೇಳಿಸಿತು.

"ನಿಂದ್ರಸು!"

ಗಾಡಿ ನಿಂತಿತು. ಎಂಜಿನ್ನೂ ನಿಂತಿತು.

"ಯಾಕಲೇ ಗದ್ದೆಮ್ಮ, ಡೀಸೆಲ್ ತೀರಿತೇನು?" ಎಂದಳು ಶಿವಲಿಂಗಮ್ಮ.

"ಹೌದಬೇ, ತೀರೈತಿ. ಹಿಂದಿಂದ ಇಳೀರಿ. ಒಬ್ಬೊಬ್ಬರ ಇಳೀರಿ. ಇಲ್ಲಿಂದ ನಡಕೊಂತ ಹೋಗೂನು."

ಯಮನೂರ ಹ್ಯಾಂಡಲ್ ಬಿಡದೆ ಕೂತಿದ್ದ. "ನೀರು ಎಷ್ಟು ದೂರ ಐತಿ?" ಎಂದು ಪಿಸುಗುಟ್ಟಿದ.

ಅವಳು ಇಳಿದು, ಮುಂದಿನ ಗಾಲಿಯ ಮುಂದೆ ಕೈಯಾಡಿಸಿದಳು. "ಒಂದು ಗೇಣು."

ಕೀಲಿ ಅವಳ ಸೆರಗಿನ ಗಂಟಿಗೆ ಹೋಯಿತು. ಮರುದಿನದಿಂದ ಅವನು ಬೇಡುತ್ತಲೇ ಇದ್ದ. "ಸಂಜೀಗೆ ಹೊಡ್ಯಂಗಿಲ್ಲ. ಹಗಲ ಹೊತ್ತು ಅಷ್ಟ. ಹಗಲ ನನಗ ಎಲ್ಲಾ ಕಾಣ್ತೈತಿ, ಆಣಿ ಮಾಡ್ತೀನಿ."

ಮುಂದಿನ ಸಂತೆಗೆ ಗದ್ದೆಮ್ಮ ಅವನನ್ನು ಗೌಸ್‌ಸಾಬನ ಅಂಗಡಿಗೆ ಕರೆದೊಯ್ದಳು. "ಸಾಬ್ರ, ಆ ಹೊಸಾದು ಹಚ್ರಿ" ಎಂದಳು. "ಹಗಲ ದಾರಿ ಒಂದು ಸಲ ದಾಟಸಲಿ. ದಾಟಸಿದ್ರ ಕೀಲಿ ಕೊಡ್ತೀನಿ."

ಯಮನೂರ ಹುರುಪಿನಿಂದ ಕೂತ. ಆಟದೊಳಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ತಿರುವು ದಾಟಿದ, ಎರಡು ದಾಟಿದ. ಗದ್ದೆಮ್ಮ ಈ ಸಲ ಕೇಳುತ್ತ ಕೂರದೆ ಟೀವಿಯನ್ನೇ ನೋಡುತ್ತಿದ್ದಳು. ಎಡಗಡೆಯ ಹೊಲದಿಂದ ಒಂದು ಎಮ್ಮೆ ಎದ್ದು, ನಿಧಾನಕ್ಕೆ ರಸ್ತೆಯ ಕಡೆ ನಡೆಯಿತು. ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು.

"ಎಮ್ಮಿ! ಎಮ್ಮಿ ಬಂತು!" ಎಂದು ಹುಸೇನ್‌ಸಾಬ ಕೂಗಿದ.

"ಎಲ್ಲೈತಿ?"

ದಡ್ಡನೆ ಸದ್ದಾಯಿತು. ಲಾರಿ ಉರುಳಿತು.

ಯಮನೂರ ಟೀವಿಯ ಕಡೆಗೇ ಮುಖ ಮಾಡಿ ಕೂತಿದ್ದ. ಹಾಗೆಯೇ ಕೇಳಿದ. "ಅದರಾಗ ಸಂಜಿ ಆಗಿತ್ತೇನು?"

ಟೀವಿಯಲ್ಲಿ ಸೂರ್ಯ ನೆತ್ತಿಯ ಮೇಲಿದ್ದ. ಗದ್ದೆಮ್ಮ ಸೆರಗಿನ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ, ಅವನ ಕೈ ಹಿಡಿದು ಎಬ್ಬಿಸಿದಳು.