ಬ್ಯಾಂಕಿಗೆ ಬೇಡವಾದ ಅವ್ವ

ಅವ್ವನ ಬ್ಯಾಂಕ್ ಖಾತೆ ಮುಚ್ಚಿದೆ ಎಂಬುದು ನಮಗೆ ಮೊದಲು ತಿಳಿದದ್ದು ಕಡಲ ತೀರದಲ್ಲಿ, ಒಬ್ಬ ಗಿರಾಕಿಯಿಂದ. ಮಣಿಯ ಕಾಲ್ಸರ ಕೊಂಡ ಆಕೆ ಮತ್ತೆ ಮತ್ತೆ ಫೋನ್ ಹಿಡಿದು ನೋಡಿ, ಹಣ ಹೋಗುತ್ತಿಲ್ಲವೆಂದು ಸರ ಬಿಚ್ಚಿ ಮರಳಿ ಕೊಟ್ಟಳಂತೆ. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಕಾಕು ಬುಟ್ಟಿ ಹೊತ್ತು ಓಡಿಬಂದಳು. ಅವಳ ಗಿರಾಕಿಯ ಹಣವೂ ಹೋಗಿರಲಿಲ್ಲ.

ಇಬ್ಬರಿಗೂ ಒಂದೇ ತೊಂದರೆ ಬಂದದ್ದು ಆಶ್ಚರ್ಯವಲ್ಲ. ನಮ್ಮ ಓಣಿಯಲ್ಲಿ ತೀರಕ್ಕೆ ಸಾಮಾನು ಒಯ್ಯುವ ಹೆಂಗಸರೆಲ್ಲ ಅವ್ವನ ಕ್ಯೂಆರ್ ಕೋಡನ್ನೇ ಬಳಸುತ್ತಿದ್ದರು. ಕೆಲವರ ಖಾತೆ ಬಿಟ್ಟುಬಂದ ಬೆಳಗಾವಿ ಕಡೆಯ ಊರಲ್ಲಿತ್ತು, ಕೆಲವರದು ಗಂಡನ ಫೋನಿನಲ್ಲಿತ್ತು. ಅವ್ವ ಮ್ಹಾಪಸಾ ಸಂತೆಗೆ ಹೋದಾಗ ತನ್ನ ಕೋಡಿನ ಪ್ರತಿಗಳನ್ನು ತೆಗೆಸಿ, ಪ್ಲಾಸ್ಟಿಕ್ ಹಾಕಿಸಿ ಎಲ್ಲರ ಬುಟ್ಟಿಗೂ ಕಟ್ಟಿದ್ದಳು. ಸಂಜೆ ನಮ್ಮ ಕಟ್ಟೆಯ ಮೇಲೆ ಅವರವರ ಪಾಲು ಅವರವರ ಕೈ ಸೇರುತ್ತಿತ್ತು. ಜಗಳವಾದದ್ದು ನಾನು ಕಂಡಿಲ್ಲ. ವಾಣಿಜ್ಯ ಓದಿದ ನಾನು, ಇದು ನಿಯಮಕ್ಕೆ ವಿರುದ್ಧ ಎಂದಿದ್ದೆ.

"ಒಂದ ಒಲಿ ಮ್ಯಾಲ ನಾಕು ಮನಿ ಅಡಗಿ ಆಗೂದು ನೀ ಕಂಡಿಲ್ಲೇನು?" ಎಂದಿದ್ದಳು ಅವ್ವ.

ಆ ವರ್ಷ ಮಳೆಗಾಲಕ್ಕೆ ಮುಂಚೆ, ತೀರದಲ್ಲಿ ತಿರುಗಿ ಮಾರುವವರನ್ನು ತೆರವು ಮಾಡುತ್ತಾರೆಂದು ಮಾತು ಹಬ್ಬಿತ್ತು. ವಿರೋಧಿಸಲು ಸೇರಿದ ಸಭೆಯಲ್ಲಿ ಅವ್ವ ಮೈಕ್ ಹಿಡಿದಳು. ಅರ್ಧ ಕೊಂಕಣಿ, ಅರ್ಧ ಹಿಂದಿ, ಬೈಗುಳ ಮಾತ್ರ ಶುದ್ಧ ಕನ್ನಡ. ತೆರವಿಗೆ ಒತ್ತಾಯಿಸುತ್ತಿದ್ದ ಮುಖಂಡನಿಗೆ, ನಿನ್ನ ಹೋಟೆಲಿನ ಕಲ್ಲು ಹೊತ್ತವರು ನಾವೇ ಎಂದಳು. ಆ ವಿಡಿಯೋ ಹರಡಿತು. ಊರಿಗೆ ಹೋಗಿ ಎಂದು ಎಷ್ಟೋ ಜನ ಅದರ ಕೆಳಗೆ ಬರೆದರು. ಈ ಹೊರಗಿನವರಿಗೆ ಹಣ ಎಲ್ಲಿಂದ ಬರುತ್ತದೆ, ತನಿಖೆ ಆಗಲಿ ಎಂದು ಮುಖಂಡ ಹೇಳಿದ. ಕೆಲವು ವಾರಗಳ ನಂತರ ಖಾತೆ ನಿಂತಿತು.

ವೆರ್ಣಾದ ಕಂಪನಿಯ ಕೆಲಸಕ್ಕೆ ರಜೆ ಹಾಕಿ ಅವ್ವನ ಜೊತೆ ಬ್ಯಾಂಕಿಗೆ ಹೋದೆ. ಅಧಿಕಾರಿ ಕುರ್ಚಿ ತೋರಿಸಿ, ನೀರು ತರಿಸಿದರು.

"ನಾನೂ ಬೆಳಗಾವಿ ಕಡೆಯವನ ರೀ, ಬಾಯಾರ. ನನ್ನ ಕೈಯಾಗ ಏನೂ ಇಲ್ಲ. ಮ್ಯಾಲಿಂದ ಬಂದೈತಿ."

"ಎಷ್ಟು ಮ್ಯಾಲಿಂದ ರೀ? ದೇವರ ಮಟಾನೋ, ಅದಕ್ಕೂ ಮ್ಯಾಲೋ?"

ಅವರು ನಕ್ಕುಬಿಟ್ಟರು, ಆಮೇಲೆ ಸುತ್ತ ನೋಡಿದರು. ಕೋಡ್ ಹಂಚಿಕೊಂಡದ್ದಕ್ಕೋ, ಭಾಷಣಕ್ಕೋ, ಯಾವುದಕ್ಕೆ ಮುಚ್ಚಿದ್ದು ಎಂದು ನಾನು ಕೇಳಿದೆ.

"ಅದನ್ನ ಹೇಳಾಕ ಬರಂಗಿಲ್ರಿ. ಬ್ಯಾಂಕಿಗೆ ಬ್ಯಾಡಾದ್ರ ಬ್ಯಾಡ. ನೋಟಿಸ್ ಊರಿನ ವಿಳಾಸಕ್ಕ ಹೋಗೈತಿ."

ಖಾತೆಯಲ್ಲಿ ಉಳಿದದ್ದಕ್ಕೆ ಅವ್ವನ ಹೆಸರಿನ ಡಿಡಿ ಕೊಟ್ಟರು. ಅದನ್ನು ಹಾಕಲು ಇನ್ನೊಂದು ಖಾತೆ ಬೇಕು. ಬೇರೆ ಬ್ಯಾಂಕಿನಲ್ಲಿ ಅವ್ವನ ಹೆಸರು ಒತ್ತಿ, ಪರದೆ ನೋಡಿ, ತಿಳಿಸುತ್ತೇವೆ ಎಂದರು. ಮತ್ತೊಂದು ಕಡೆಯೂ ಅದೇ. ಯಾರೂ ಆಗುವುದಿಲ್ಲ ಎನ್ನಲಿಲ್ಲ, ಖಾತೆಯನ್ನೂ ತೆರೆಯಲಿಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳುವ ಕಚೇರಿಗೆ ನಾನು ಬರೆದದ್ದಕ್ಕೆ, ಇದು ಬ್ಯಾಂಕಿನ ವ್ಯವಹಾರದ ತೀರ್ಮಾನ, ಮಧ್ಯೆ ಬರುವಂತಿಲ್ಲ ಎಂಬ ಉತ್ತರ ಬಂತು.

ಬ್ಯಾಂಕಿನ ಜಾಗದಲ್ಲಿ ನಿಂತೂ ಯೋಚಿಸಿದ್ದೇನೆ. ಹತ್ತು ಜನರ ಹಣ ಒಬ್ಬಳ ಹೆಸರಲ್ಲಿ ಬರುವುದನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಅದನ್ನೇ ಹೇಳಿದ್ದರೆ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆತಂದು ನಿಲ್ಲಿಸುತ್ತಿದ್ದೆ. ಮಾತಿಗಾಗಿ ಮುಚ್ಚಿದೆವು ಎಂದಿದ್ದರೆ ಅದಕ್ಕೂ ವಾದ ಮಾಡುತ್ತಿದ್ದೆ. ಕಾರಣವನ್ನೇ ಹೇಳದವರ ಎದುರು ನನ್ನ ಓದು ಕೆಲಸಕ್ಕೆ ಬರಲಿಲ್ಲ. ಕಿರಾಣಿಯವನು ಅಕ್ಕಿ ಕೊಡದಿದ್ದರೆ ಮುಂದಿನ ಅಂಗಡಿ ಇದೆ. ಇಲ್ಲಿ ಅಂಗಡಿಗಳೆಲ್ಲ ಒಂದೇ ಪರದೆ ನೋಡುತ್ತಿದ್ದವೋ ಏನೋ, ಅದೂ ನನಗೆ ಗೊತ್ತಿಲ್ಲ.

ನನ್ನ ಖಾತೆಯ ಕೋಡನ್ನೇ ಎಲ್ಲರಿಗೂ ಕೊಡೋಣ ಎಂದೆ. ಅವ್ವ ಕೇಳಲಿಲ್ಲ. "ನಿನ್ನ ಹೆಸರು ಇದರಾಗ ತರಬ್ಯಾಡ. ಕಂಪನಿಯವರಿಗೆ ತಿಳಿದ್ರ ನೌಕರೀನೂ ಹೋಗ್ತೈತಿ." ಡಿಡಿಯಲ್ಲಿ ಸಿಕ್ಕಿಕೊಂಡಿದ್ದ ಹೆಂಗಸರ ಪಾಲನ್ನು ನನ್ನ ಸಂಬಳದಿಂದ ಕೊಟ್ಟು ಮುಗಿಸಿದೆವು. ಆದರೆ ನೋಟು ಹಿಡಿದು ತೀರಕ್ಕೆ ಬರುವವರು ಈಗ ಕಡಿಮೆ. ಬುಟ್ಟಿಗಳು ತುಂಬಿದಂತೆಯೇ ಮನೆಗೆ ಬರತೊಡಗಿದವು.

ತೀರದ ದಾರಿಯಲ್ಲಿ ತಂಪು ಪಾನೀಯ ಮಾರುವ ಅಂಗಡಿಯವನು ತನ್ನ ಕೋಡ್ ಕೊಡಲು ಮುಂದೆ ಬಂದ. ಅವನು ಆ ಮುಖಂಡನ ಹಿಂದೆ ಬಾವುಟ ಹಿಡಿದು ಓಡಾಡುವವನು. ಮಾರಿದ್ದರಲ್ಲಿ ಅವನಿಗೊಂದು ಪಾಲು. ಕಾಕು ಎಲ್ಲರಿಗಿಂತ ಮೊದಲು ಒಪ್ಪಿಕೊಂಡಳು. ಅವಳಿಗೆ ಮನೆ ಬಾಡಿಗೆ ಕೊಡಬೇಕಿತ್ತು. ಅವ್ವ ಎಲ್ಲರಿಗಿಂತ ಕೊನೆಗೆ.

ಮಳೆ ನಿಂತ ಮೇಲೆ ತೆರವಿನ ಮಾತು ಮತ್ತೆ ಎದ್ದಿತು; ಮತ್ತೆ ಸಭೆ ಕರೆದರು. ಅವ್ವ, ಕಾಕು, ನಾನು ಮೂವರೂ ಹೋದೆವು. ಯಾರೋ ಮೈಕನ್ನು ಕೈಯಿಂದ ಕೈಗೆ ಅವ್ವನ ಕಡೆ ದಾಟಿಸಿದರು.

"ತಗೋವಾ, ನೀ ಮಾತಾಡಿದ್ರ ಸಮುದ್ರನೂ ಹಿಂದ ಸರೀತೈತಿ," ಎಂದಳು ಕಾಕು.

"ಸಮುದ್ರ ಸರೀತೈತಿ, ಖರೇ. ನಾಳೆ ಆ ಅಂಗಡಿಯಂವ ಕೋಡಿನ ಚೀಟಿ ಕಸಗೊಂಡ್ರ ನಿನ್ನ ಬಾಡಗಿ ನಾ ಕಟ್ಲೇನು?"

ಮೈಕ್ ನಮ್ಮನ್ನು ದಾಟಿ ಮುಂದೆ ಹೋಯಿತು. ತೀರದಲ್ಲಿ ಎಂದೂ ಬುಟ್ಟಿ ಹೊರದ ಒಬ್ಬರು ನಮ್ಮ ಪರವಾಗಿ ತುಂಬ ಹೊತ್ತು, ತುಂಬ ವಿನಯದಿಂದ ಮಾತನಾಡಿದರು. ಉಳಿದವರೊಂದಿಗೆ ಅವ್ವನೂ ಚಪ್ಪಾಳೆ ತಟ್ಟಿದಳು.