ಒಂದೇ ಸಾಲಿನ ಊಟ

ನನ್ನ ತಂಗಿ ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಮೆಚ್ಚಿದ್ದು ಹಡಗಲಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮುಸ್ಲಿಂ ಹುಡುಗನನ್ನು. ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದ ಮೇಲೆ ಇಬ್ಬರೂ ಕೊಟ್ಟೂರಿನ ನನ್ನ ಮನೆಗೆ ಬಂದರು.

“ಅಕ್ಕಾ, ಐನೋರೂ ಬ್ಯಾಡ, ಖಾಜಿನೂ ಬ್ಯಾಡ,” ಎಂದಳು ತಂಗಿ. “ಎರಡೂ ಮನಿಯೋರು ಒಂದ ಸಾಲಿನ್ಯಾಗ ಕುಂತು ಉಣ್ಣಬೇಕು. ಅದಕ್ಕಿಂತ ಮೊದ್ಲು ನಮ್ಮ ಕಡಿಯೋರೊಬ್ರು ನಾ ಸಣ್ಣಾಕಿದ್ದಾಗಿನ ಮಾತು ಹೇಳ್ಬೇಕು, ಇವರ ಕಡಿಯೋರು ಇವರದು. ಅಷ್ಟ ಮದಿವಿ.”

ಹುಡುಗ ತಲೆ ತಗ್ಗಿಸಿ ನಕ್ಕ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇರುವ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಎಲ್ಲ ನಾನೇ ಮಾಡಿಸುತ್ತೇನೆಂದು ಒಪ್ಪಿಕೊಂಡೆ.

ಕೂಡ್ಲಿಗಿಯ ತವರುಮನೆಗೆ ಹೋಗಿ ಅಪ್ಪನ ಮುಂದೆ ಕೂತೆ. ಶೇಂಗಾ ಬಿಡಿಸುತ್ತಿದ್ದ ಅಪ್ಪ ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

“ಆಕಿ ಹೆಸರು ಈ ಮನ್ಯಾಗ ಎತ್ತಬ್ಯಾಡ. ನೀ ಮುಂದ ನಿಂತು ಮಾಡಾಕಿ ಇದ್ರ ನೀನೂ ಬರಬ್ಯಾಡ.”

ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಹಡಗಲಿಯಲ್ಲಿ ಹುಡುಗನ ತಾಯಿ ಚಹಾ ಕೊಟ್ಟು ಕೂರಿಸಿದರು. “ನಿನ್ ತಂಗಿ ಚಲೋ ಹುಡುಗಿ ಅದಾಳಮ್ಮಾ. ಆದ್ರ ಇವರಪ್ಪ ಒಪ್ಪಂಗಿಲ್ಲ. ನಾವು ಇದ ಓಣ್ಯಾಗ ಬಾಳ್ವಿ ಮಾಡ್ಬೇಕಲ್ಲ.”

“ನೀವರ ಬರ್ರಿ,” ಎಂದೆ. ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಹೂಂ ಎಂದಿದ್ದ ಛತ್ರದವರು ಹುಡುಗನ ಹೆಸರು ಕೇಳಿದ ಮೇಲೆ, ಆ ದಿನ ಸುಣ್ಣಬಣ್ಣ ಐತ್ರಿ ಎಂದರು. ಉಜ್ಜಿನಿ ದಾರಿಯಲ್ಲಿ ತೋಟವಿದ್ದ ಪರಿಚಯದವರು, “ನಂದೇನಿಲ್ರಿ ಅಕ್ಕಾ, ನಾಳಿ ಮಂದಿ ಬಂದು ನಿಂತ್ರ ಏನ್ ಮಾಡ್ಲಿ?” ಎಂದರು. ಅಡುಗೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ನನ್ನ ಮನೆಯ ಮಾಳಿಗೆಯ ಮೇಲೆ ಶಾಮಿಯಾನ ಕಟ್ಟಿಸಿ, ಹೋಳಿಗೆ, ಕುಷ್ಕ ನಾನೇ ಮಾಡಿದೆ. ಉದ್ದಕ್ಕೂ ಚಾಪೆ ಹಾಸಿದೆ.

ಸಹಿ ಮುಗಿಸಿ ಅವರಿಬ್ಬರು ಬಂದಾಗ ಮಧ್ಯಾಹ್ನವಾಗಿತ್ತು. ಜೊತೆಗೆ ಬಂದವರು ಆಸ್ಪತ್ರೆಯ ಇಬ್ಬರು ಗೆಳತಿಯರು ಮತ್ತು ಗ್ಯಾರೇಜಿನ ಒಬ್ಬ ಗೆಳೆಯ, ಅಷ್ಟೇ. ಆಮೇಲೆ ಹುಡುಗನ ತಾಯಿ ಮೆಟ್ಟಿಲು ಹತ್ತಿ ಬಂದರು. ತಂಗಿಯ ಕೈಗೆ ಹಸಿರು ಬಳೆ ತೊಡಿಸಿ ಹಣೆಗೆ ಮುತ್ತಿಟ್ಟರು. ಕೆಳಗೆ ಅವರನ್ನು ಕರೆತಂದವರ ಬೈಕಿನ ಹಾರ್ನ್ ಕೇಳಿತು. ಕೂರದೆ ಇಳಿದು ಹೋದರು.

ತಂಗಿಯ ಬಾಲ್ಯದ ಬಗ್ಗೆ ನಾನು ಮಾತಾಡಿದೆ. ಕಪ್ಪೆ ಹಿಡಿದು ಅವ್ವನ ಸೆರಗಿಗೆ ಕಟ್ಟಿದ್ದನ್ನು ಹೇಳಿದಾಗ ಎಲ್ಲರೂ ನಕ್ಕರು. ಹುಡುಗನ ಕಡೆಯಿಂದ ಹೇಳುವವರಿರಲಿಲ್ಲ. ಅವನೇ ಎದ್ದು ನಿಂತ.

“ನಾ ಸಣ್ಣಾವಿದ್ದಾಗ ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಹೊಳಿಗೆ ಕರ್ಕೊಂಡು ಹೋಗ್ತಿದ್ದ,” ಎಂದ. ಅಲ್ಲಿಗೇ ನಿಲ್ಲಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ತಂಗಿ ಅವನ ಕೈ ಹಿಡಿದು ಕೂರಿಸಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಅರ್ಧಕ್ಕಿಂತ ಹೆಚ್ಚು ಚಾಪೆ ಖಾಲಿಯಿತ್ತು.

ಈಗ ಅವರು ಹೊಸಪೇಟೆಯಲ್ಲಿದ್ದಾರೆ. ಮಗಳು ಹುಟ್ಟಿದ್ದಾಳೆ. ಅಪ್ಪ ನನ್ನನ್ನು ಹೊಸ್ತಿಲು ದಾಟಲು ಬಿಡದ ಕಾರಣ ಅವ್ವನನ್ನು ನಾನು ಕಾಣುವುದು ಸಂತೆಯಲ್ಲಿ ಮಾತ್ರ. ಹೋದ ಸಂತೆಯಲ್ಲಿ ಮೊಬೈಲಿನಲ್ಲಿ ಮಗುವಿನ ಫೋಟೊ ತೋರಿಸಿದೆ. ಅವ್ವ ಚೀಲ ಕೆಳಗಿಟ್ಟು ಬಹಳ ಹೊತ್ತು ನೋಡಿದಳು.

“ಮೂಗು ನಿಮ್ಮಪ್ಪಂದ,” ಎಂದಳು. ಆಮೇಲೆ ಸುತ್ತ ನೋಡಿ, “ಸಾಕು, ಒಳಗಿಡು. ಯಾರರ ನೋಡ್ಯಾರು,” ಎಂದು ಅವರೆಕಾಯಿ ಆರಿಸಲು ಬಗ್ಗಿದಳು.