ಐವತ್ನಾಲ್ಕು ಕಿಲೋ, ಬೆಲ್ಟ್ ಸಮೇತ

ತಕ್ಕಡಿ ಸಾಹೇಬರು ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತಾರು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೋ, ಕಬ್ಬಿಣದ ಬಟ್ಟು ಸವೆದಿದೆಯೋ ನೋಡಿ ಮುದ್ರೆ ಹಾಕುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ತರಕಾರಿಯವಳು ಒಂದು ಕಿಲೋ ಈರುಳ್ಳಿ ಕೊಟ್ಟರೆ ಚೀಲವನ್ನು ಬೆರಳ ತುದಿಯಲ್ಲಿ ಒಮ್ಮೆ ತೂಗಾಡಿಸಿ, "ಇನ್ನೊಂದು ಸಣ್ಣದು ಹಾಕಮ್ಮ" ಅನ್ನುತ್ತಾರೆ. ಅವಳು ಹಾಕುತ್ತಾಳೆ.

ಅವರ ಹೆಂಡತಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ ಎಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಎರಡು ತಪ್ಪಿದರೆ ಉಸಿರಿಗೇ ಕುತ್ತು ಬರುತ್ತದೆ. ಮನೆಯ ಡೀಸೆಲ್ ಕಾರಿಗೆ ಹದಿನೆಂಟು ವರ್ಷ. ಹಿಂದಿನ ತಿಂಗಳು ಅದು ಎರಡು ಸಲ ನಡುದಾರಿಯಲ್ಲಿ ಮೊಂಡು ಹಿಡಿದು ನಿಂತಿತು. ಎರಡನೆಯ ಸಲ ಹಾಲಿನ ವ್ಯಾನಿನವನು ಇಬ್ಬರನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಬಿಡುವ ಹೊತ್ತಿಗೆ ಆಕೆಯ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಅವತ್ತು ಯಂತ್ರ ಸಿಗಲಿಲ್ಲ. ಮಾರನೆಯ ದಿನ ಆಕೆಗೆ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ. ಸಾಹೇಬರು ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಹೀಗೆ ಶುರುವಾಯಿತು ಕರೆಂಟು ಕಾರಿನ ವಿಚಾರ. ಷೋರೂಮಿನ ಹುಡುಗಿ ಒಂದು ಪುಟ್ಟ ಬಿಳಿ ಗಾಡಿ ತೋರಿಸಿದಳು. ಮುಂದೆ ಇಬ್ಬರು, ಹಿಂದೆ ಇಬ್ಬರು ಮೊಣಕಾಲು ಮಡಿಸಿಕೊಂಡರೆ ಸರಿ.

"ಒಂದು ಸಲ ಚಾರ್ಜ್ ಮಾಡಿದ್ರೆ ಇನ್ನೂರೈವತ್ತು ಕಿಲೋಮೀಟರ್ ಹೋಗುತ್ತೆ ಸರ್."

"ಅಳೆದಿದ್ದು ಯಾರು?"

"ಕಂಪನಿಯವರೇ ಸರ್."

"ಅಂಗಡಿಯವನೇ ತನ್ನ ತಕ್ಕಡಿಗೆ ಮುದ್ರೆ ಒತ್ತಿಕೊಂಡ ಹಾಗಾಯ್ತಲ್ಲಮ್ಮ."

ಹುಡುಗಿ ನಕ್ಕು, ಆರು ದಿನ ಮನೆಯಲ್ಲಿಟ್ಟುಕೊಂಡು ಓಡಿಸಿ ನೋಡಿ ಅಂದಳು. ಶನಿವಾರ ಗಾಡಿ ಬಂತು.

ಪರೀಕ್ಷೆ ಮಾಡದ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸುವುದಕ್ಕೆ ಸಾಹೇಬರ ಮನಸ್ಸು ಒಪ್ಪಲಿಲ್ಲ. ಹಾಗಂತ ಖಾಲಿ ಗಾಡಿ ಓಡಿಸಿದರೆ ಅದು ಪರೀಕ್ಷೆಯೂ ಅಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅಂಗಡಿಯವರು ಬೇಡವೆಂದು ಕೊಟ್ಟಿದ್ದ ಕಬ್ಬಿಣದ ಬಟ್ಟುಗಳು ಹಿತ್ತಿಲ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಯಂತ್ರಕ್ಕೆ ಮಲಗುವ ಮುಂಚೆ ಹೆಂಡತಿಯ ತೂಕ ಐವತ್ನಾಲ್ಕು ಕಿಲೋ. ಭಾನುವಾರ ಬೆಳಿಗ್ಗೆ ಅವರು ಇಪ್ಪತ್ತು ಕಿಲೋದ ಎರಡು, ಹತ್ತು ಕಿಲೋದ ಒಂದು, ಎರಡು ಕಿಲೋದ ಎರಡು ಬಟ್ಟುಗಳನ್ನು ಒರೆಸಿ, ಗೋಣಿ ಹಾಸಿ, ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದರು.

ಹೆಂಡತಿ ಬಾಗಿಲಿಗೆ ಬಂದು ಇಣುಕಿದರು. "ಇದ್ಯಾರ್ರೀ, ನನ್ನ ಸವತೀನಾ?"

"ನೀನೇ ಕಣೇ. ಸರಿಯಾಗಿ ಐವತ್ನಾಲ್ಕು."

"ಪರವಾಗಿಲ್ಲ, ನನಗಿಂತ ಗಟ್ಟಿ ಇದ್ದಾಳೆ. ಹುಷಾರಾಗಿ ಕರ್ಕೊಂಡು ಹೋಗಿ."

ಅವರು ಗಾಡಿಯನ್ನು ಆಸ್ಪತ್ರೆಯ ಗೇಟಿನವರೆಗೆ ಓಡಿಸಿದರು. ಅಲ್ಲಿ ನಿಲ್ಲಿಸಿ ಎರಡು ಕಿಲೋದ ಒಂದು ಬಟ್ಟು ತೆಗೆದು ಡಿಕ್ಕಿಗೆ ಹಾಕಿದವರು, ಮತ್ತೆ ಯೋಚಿಸಿ ಅದನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟರು. ಯಂತ್ರ ಪ್ರತಿ ಸಲ ಆಕೆಯ ಮೈಯಿಂದ ಎರಡು ಲೀಟರು ನೀರು ತೆಗೆಯುತ್ತದೆ. ಬರುವಾಗಿನ ಹೆಂಡತಿ ಹೋಗುವಾಗಿನ ಹೆಂಡತಿಗಿಂತ ಹಗುರ. ಡಿಕ್ಕಿಯಲ್ಲಿಟ್ಟರೆ ಗಾಡಿಗೆ ಅದು ಇಳಿದಂತೆ ಹೇಗಾಗುತ್ತದೆ? ಕಾವಲುಗಾರ ಬಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ಸಾಹೇಬರು ತಕ್ಷಣ ತಿರುಗಿ ಹೊರಟರು. ಮನೆ ಮುಟ್ಟಿದಾಗ ಬ್ಯಾಟರಿಯಲ್ಲಿ ನೂರಕ್ಕೆ ನಲವತ್ತೆರಡು ಉಳಿದಿತ್ತು. ಒಂದು ಸಲದ ತೂಕವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಸೋಮವಾರ ಹೆಂಡತಿಯನ್ನು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿಬಂದು, ಮಂಗಳವಾರ ಮತ್ತೆ ಕಬ್ಬಿಣವನ್ನು ಹೊತ್ತು ಹೋಗಿಬಂದರು. ನಲವತ್ತೊಂದು. ಪುಸ್ತಕದಲ್ಲಿ ಬರೆದರು: ಸರಿಯಿದೆ.

ಬುಧವಾರ ಹೆಂಡತಿ ಕೂತರು.

ಚಳಿಯ ದಿನ. ಊರು ದಾಟುವ ಮೊದಲೇ ಮುಂದಿನ ಗಾಜು ಒಳಗಿನಿಂದ ಮಬ್ಬಾಯಿತು. ಸಾಹೇಬರು ಬಟ್ಟೆಯಿಂದ ಒರೆಸಿದರು, ಮತ್ತೆ ಮಬ್ಬಾಯಿತು. ಎರಡು ದಿನ ಹೀಗಾಗಿರಲಿಲ್ಲ. ಕಬ್ಬಿಣ ಉಸಿರಾಡುವುದಿಲ್ಲ ಅನ್ನುವುದು ಹೊಳೆಯುವುದಕ್ಕೆ ಅವರಿಗೆ ಎರಡು ಕಿಲೋಮೀಟರ್ ಹಿಡಿಯಿತು. ಬಿಸಿಗಾಳಿಯ ಗುಂಡಿ ಒತ್ತಿದರು. ಗಾಜು ತಿಳಿಯಾಯಿತು, ಹೆಂಡತಿಯ ಮುಖವೂ ಅರಳಿತು, ಆದರೆ ಎದುರಿನ ಅಂಕಿ ಜಾರತೊಡಗಿತು. ಆಸ್ಪತ್ರೆ ತಲುಪಿದಾಗ ನಲವತ್ತೊಂಬತ್ತು. ಕಬ್ಬಿಣದ ಜೊತೆ ಬಂದಾಗ ಅಲ್ಲಿ ಎಪ್ಪತ್ತೊಂದಿತ್ತು.

ನಾಲ್ಕು ಗಂಟೆ ಅವರು ಗಾಡಿಯೊಳಗೆ ಕೂತು ಆ ನಲವತ್ತೊಂಬತ್ತನ್ನೇ ನೋಡುತ್ತಿದ್ದರು. ನೋಡಿದರೆ ಹೆಚ್ಚಾಗುತ್ತದೆಯೇ?

ಯಂತ್ರದಿಂದ ಎದ್ದ ಮೇಲೆ ಆಕೆಗೆ ಯಾವಾಗಲೂ ಚಳಿ, ಮೂಳೆಯೊಳಗಿನ ಚಳಿ. ಶಾಲು ಹೊದ್ದು, ಸೂಜಿ ಚುಚ್ಚಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬಿಸಿಗಾಳಿ ಜೋರಾಗಿ ಇಟ್ಟುಕೊಂಡೇ ಹೊರಟರು. ನಲವತ್ತು ಕಿಲೋಮೀಟರ್ ಬರುವಷ್ಟರಲ್ಲಿ ಅಂಕಿ ಹದಿನೇಳಕ್ಕೆ ಇಳಿದಿತ್ತು. ಇನ್ನೂ ಮೂವತ್ತು ಕಿಲೋಮೀಟರ್ ಇದೆ. ಬಿಸಿ ಇಲ್ಲದಿದ್ದರೆ ಹನ್ನೆರಡೂವರೆ ಸಾಕು, ಇದ್ದರೆ ಇಪ್ಪತ್ನಾಲ್ಕು ಬೇಕು. ಸಾಹೇಬರು ಬಿಸಿಗಾಳಿ ಆರಿಸಿದರು.

ಸ್ವಲ್ಪ ದೂರ ಹೋದ ಮೇಲೆ ಆಕೆ ಕೇಳಿದರು. "ಆರಿಸಿದ್ರಾ?"

"ಹ್ಞೂಂ. ಹದಿನೇಳಿದೆ. ಮನೆಗೆ ಹನ್ನೆರಡೂವರೆ ಬೇಕು. ಸಾಕಾಗುತ್ತೆ."

"ನನಗೆಷ್ಟು ಬೇಕು ಅಂತ ಪುಸ್ತಕದಲ್ಲಿ ಬರೆದಿದ್ದೀರಾ?"

ಕೋಪವಿರಲಿಲ್ಲ ಆ ಮಾತಿನಲ್ಲಿ. ಸಾಹೇಬರು ಪಕ್ಕಕ್ಕೆ ನೋಡಿದರು. ಆಕೆಯ ಗಲ್ಲ ಸಣ್ಣಗೆ ನಡುಗುತ್ತಿತ್ತು, ಅದನ್ನು ಮುಚ್ಚುವುದಕ್ಕೆ ಶಾಲನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. ಸಾಹೇಬರು ಗುಂಡಿ ಒತ್ತಿ ಮತ್ತೆ ಬಿಸಿ ಬಿಟ್ಟರು. ಒಂದು ಕಿಲೋಮೀಟರ್ ಮುಂದೆ ಹಿಟ್ಟಿನ ಗಿರಣಿ ಕಂಡಿತು. ಗಾಡಿ ಒಳಗೆ ತಿರುಗಿಸಿದರು.

ಗಿರಣಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡು ಹೊರಬಂದ. ನೋಡಿದ, ಗುರುತು ಹಿಡಿದ, ಸೊಂಟದ ಮೇಲೆ ಕೈ ಇಟ್ಟ.

"ತಕ್ಕಡಿ ಸಾಹೇಬ್ರು! ಹದಿನೈದು ವರ್ಷದ ಹಿಂದೆ ನನ್ನ ಐದು ಕಿಲೋ ಬಟ್ಟು ಕಿತ್ಕೊಂಡು ಹೋದ್ರಲ್ಲ, ನೆನಪಿದ್ಯಾ?"

"ಇದೆ. ನೂರಿಪ್ಪತ್ತು ಗ್ರಾಂ ಕಡಿಮೆ ಇತ್ತು."

"ನೂರು!"

"ನೂರಿಪ್ಪತ್ತು." ಸಾಹೇಬರು ಗಾಡಿಯ ಕಡೆ ಕೈ ತೋರಿಸಿದರು. "ಒಂದು ಗಂಟೆ ಪ್ಲಗ್ಗು ಬೇಕಾಗಿತ್ತಪ್ಪ. ಇವಳಿಗೆ ಚಳಿ."

ಗಿರಣಿಯವನು ಗಾಡಿಯೊಳಗೆ ಬಗ್ಗಿ ನೋಡಿದ. ಅವನ ಮುಖದಿಂದ ತಮಾಷೆ ಇಳಿಯಿತು. "ಒಳಗೆ ಬನ್ನಿ ಅಕ್ಕ, ಇಲ್ಲಿ ಬೆಚ್ಚಗಿದೆ." ಆಮೇಲೆ ಸಾಹೇಬರ ಕಡೆ ತಿರುಗಿ, "ಪ್ಲಗ್ಗು ಗೋಡೆ ಹತ್ರ ಇದೆ. ನನ್ನ ಕರೆಂಟು ಕಡಿಮೆ ತೂಗ್ತು ಅಂತ ಕೇಸು ಹಾಕ್ಬೇಡಿ ಮತ್ತೆ" ಅಂದ.

ಆಗತಾನೇ ಬೀಸಿದ ಹಿಟ್ಟು ಹಸುವಿನ ಮೈಯಷ್ಟು ಬಿಸಿಯಿರುತ್ತದೆ. ಎರಡು ಮೂಟೆಗಳ ನಡುವೆ ಆಕೆಯನ್ನು ಕೂರಿಸಿದರು. ಗಿರಣಿಯ ಗದ್ದಲದಲ್ಲೇ ಆಕೆ ಕಣ್ಣು ಮುಚ್ಚಿದರು. ಸಾಹೇಬರು ಎದುರಿಗೆ ನಿಂತು, ಗಲ್ಲದ ನಡುಕ ಯಾವಾಗ ನಿಲ್ಲುತ್ತದೆ ಅಂತ ನೋಡುತ್ತಿದ್ದರು. ಹನ್ನೊಂದು ನಿಮಿಷಕ್ಕೆ ನಿಂತಿತು.

ಒಂದು ಗಂಟೆಯ ಮೇಲೆ ಮತ್ತೆ ಹೊರಟಾಗ ಇಪ್ಪತ್ತೆಂಟಿತ್ತು. ಬಿಸಿ ಗಾಳಿ ಸಣ್ಣಗೆ ಬೀಸುತ್ತಿತ್ತು. "ನಾಳೆ ಗಾಡಿ ವಾಪಸ್ ಕೊಡ್ತೀನಿ" ಅಂದರು ಸಾಹೇಬರು. "ಇದು ನಮಗಾಗಲ್ಲ. ಬೇರೆ ಏನಾದ್ರೂ ನೋಡೋಣ."

"ನನ್ನನ್ನು ಕೇಳಿದ್ರಾ?"

"ಚಳಿಯಲ್ಲಿ ನಡುಗಿದವಳು ನೀನು. ಇನ್ನೇನು ಕೇಳೋದು?"

"ಹಳೇ ಗಾಡೀಲಿ ನಾನು ಮಾತಾಡೋದು ಬಿಟ್ಟು ಒಂದು ವರ್ಷ ಆಯ್ತು. ಗೊತ್ತಾ ನಿಮಗೆ?"

ಸಾಹೇಬರು ದಾರಿಯನ್ನೇ ನೋಡುತ್ತಾ, "ಸುಸ್ತು ಅಂದ್ಕೊಂಡಿದ್ದೆ" ಅಂದರು.

"ಸುಸ್ತಲ್ಲ. ಒಂದು ಮಾತು ಹೇಳಿದ್ರೆ ಮೂರು ಸಲ 'ಏನು? ಏನು?' ಅಂತಿದ್ರಿ. ಆ ಇಂಜಿನ್ ಮೇಲೆ ಕಿರುಚೋಕೆ ನನ್ನ ಹತ್ರ ಉಸಿರಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡೆ. ಇವತ್ತು ಬೆಳಿಗ್ಗೆಯಿಂದ ಒಂದು ಸಲವಾದ್ರೂ 'ಏನು' ಅಂದ್ರಾ?"

ಅಂದಿರಲಿಲ್ಲ. ಬೆಳಿಗ್ಗೆ ಆಕೆ ತಂಗಿಯ ಮೊಮ್ಮಗಳ ಹಲ್ಲಿನ ವಿಚಾರ ಹೇಳಿದ್ದರು, ಪಕ್ಕದ ಮಂಚದ ಮುದುಕನ ಗೊರಕೆಯನ್ನು ಅಣಕಿಸಿ ತೋರಿಸಿದ್ದರು, ಸಾಹೇಬರೂ ನಕ್ಕಿದ್ದರು. ಸಾಹೇಬರ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ದಾರಿ, ವರ್ಷಕ್ಕೆ ಆರುನೂರ ಇಪ್ಪತ್ನಾಲ್ಕು ಗಂಟೆ. ಅಷ್ಟು ಹೊತ್ತು ಒಂದು ಮೊಳ ದೂರದಲ್ಲಿ ಕೂತ ಹೆಂಡತಿ ಬಾಯಿ ಮುಚ್ಚಿಕೊಂಡಿದ್ದಳು. ಗ್ರಾಂ ತಪ್ಪಿದರೆ ಹಿಡಿಯುವವರಿಗೆ ಇದು ಸಿಕ್ಕಿರಲಿಲ್ಲ.

"ಆದರೆ ಹೀಗೆ ನಡುದಾರಿಯಲ್ಲಿ ಚಾರ್ಜ್ ಮುಗಿದ್ರೆ..." ಅಂದರು ಸಾಹೇಬರು.

"ನಾನು ಅಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ತಗುಲಿಕೊಂಡು ಬಿದ್ದಿರ್ತೀನಿ. ಇದು ಹೊರಗೆ ಸುಮ್ಮನೆ ನಿಂತಿರುತ್ತೆ. ಇದನ್ನೂ ಎಲ್ಲಾದ್ರೂ ತಗುಲಿಸೋಕಾಗಲ್ವಾ?"

ಸಾಹೇಬರಿಗೆ ಇದು ಹೊಳೆದೇ ಇರಲಿಲ್ಲ. ಕಬ್ಬಿಣವನ್ನು ಕರೆದುಕೊಂಡು ಹೋದ ಎರಡೂ ದಿನ ಅವರು ಗೇಟಿನಿಂದಲೇ ತಿರುಗಿದ್ದರು. ಕಬ್ಬಿಣಕ್ಕೆ ಕಾಯುವ ಕೆಲಸವಿರಲಿಲ್ಲವಲ್ಲ.

ಗುರುವಾರ ಬೆಳಿಗ್ಗೆ ಡಯಾಲಿಸಿಸ್ ನರ್ಸಮ್ಮನಿಗೆ ಫೋನು ಮಾಡಿದರು. ಬಟ್ಟೆ ಒಗೆಯುವ ಶೆಡ್ಡಿನಲ್ಲಿ ದಪ್ಪ ಪ್ಲಗ್ಗು ಒಂದಿದೆ, ಆದರೆ ದೊಡ್ಡ ಡಾಕ್ಟರು ಹ್ಞೂಂ ಅನ್ನಬೇಕು ಅಂದರು ನರ್ಸಮ್ಮ. ದೊಡ್ಡ ಡಾಕ್ಟರು ಲೈನಿಗೆ ಬಂದು, ಮೀಟರಿಗೆಷ್ಟು ಆಗುತ್ತದೋ ಕೊಡುವುದಾದರೆ ತಮ್ಮದೇನೂ ಅಡ್ಡಿಯಿಲ್ಲ ಅಂದರು. ಬುಧವಾರ ಮಾತ್ರ ನಾಲ್ಕು ಗಂಟೆಯಲ್ಲಿ ಮೊದಲ ಎರಡು ಗಂಟೆ ಆ ಪ್ಲಗ್ಗಿನಲ್ಲಿ ಒಗೆಯುವ ಯಂತ್ರ ಓಡುತ್ತದಂತೆ. ಸಾಹೇಬರು ಪುಸ್ತಕ ತೆಗೆದರು. ಬುಧವಾರ ಎರಡೇ ಗಂಟೆ ಸಿಕ್ಕರೂ ಇಪ್ಪತ್ನಾಲ್ಕು ತುಂಬಿ ನಲವತ್ತೊಂಬತ್ತು ಎಪ್ಪತ್ಮೂರಾಗುತ್ತದೆ. ಮನೆಗೆ ಬರುವಾಗ ಹದಿನೇಳು ಉಳಿಯುತ್ತದೆ, ಬಿಸಿಗಾಳಿ ಸಮೇತ. ಮೂರು ಸಲ ಕೂಡಿಸಿ ನೋಡಿದರು.

ಸಂಜೆ ಷೋರೂಮಿನ ಹುಡುಗಿ ಒಂದು ಕಾಗದ ಹಿಡಿದು ಬಂದಳು. ಗಾಡಿ ಹೇಗನ್ನಿಸಿತು, ಯಾವುದು ಇಷ್ಟ, ಯಾವುದು ಕಷ್ಟ ಅಂತ ಗುರುತು ಹಾಕುವ ಚೌಕಗಳು. ಸಾಹೇಬರು ಕಾಗದವನ್ನು ಮುಟ್ಟದೆ ಹೆಂಡತಿಯ ಕಡೆ ತಳ್ಳಿದರು.

"ಗುರುತು ಹಾಕೋದು ಇವಳು."

ಹೆಂಡತಿ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. "ಅಲ್ಲಮ್ಮ, ಬಿಸಿಗಾಳಿ ಹಾಕಿದ್ರೆ ಇಷ್ಟೊಂದು ಇಳಿಯುತ್ತೆ ಅಂತ ಮೊದಲೇ ಯಾಕೆ ಹೇಳಲಿಲ್ಲ?"

"ಸರ್ ಕೇಳಲೇ ಇಲ್ಲ ಆಂಟಿ."

"ಅವರು ಕೇಳೋದಿಲ್ಲ, ತೂಗ್ತಾರೆ" ಅಂದು ಆಕೆ ಪೆನ್ನಿನ ಟೋಪಿ ತೆಗೆದರು. ಸಾಹೇಬರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಯಾವ ಚೌಕಕ್ಕೆ ಏನು ಹಾಕುತ್ತಾಳೋ ಅಂತ ಕಾಯುತ್ತಾ ಕೂತರು.